ಅವ್ವನ ಕೋಣ ಯಾಕೆ ನಗುತ್ತದೆ

ಮೂರು ವರ್ಷದ ಹಿಂದಿನ ಒಂದು ಗುರುವಾರ. ಊಟವಾದ ಮೇಲಿನ ಮೊದಲ ಪಿರಿಯಡ್. ಬೈಲಹೊಂಗಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಬೋರ್ಡಿನ ತುಂಬ ಒಂದು ದೊಡ್ಡ ಮೂಗು ಬರೆದೆ. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ವಿಕಾಸದ ಪಾಠ. ರೊಟ್ಟಿ ಉಂಡು ಬಂದ ಹುಡುಗರು ಆ ಹೊತ್ತಿಗೆ ತೂಕಡಿಸುವುದೇ ಹೆಚ್ಚು. ಆದರೆ ನನ್ನ ಮೂಗು ಬದನೆಕಾಯಿಯ ಹಾಗೆ ಕಾಣುತ್ತಿದ್ದುದರಿಂದ ಎಲ್ಲರೂ ಎಚ್ಚರವಾಗಿದ್ದರು.

"ಬಹಳ ಪ್ರಾಣಿಗಳಿಗೆ ಮೂಗು ಒಂದಲ್ಲ, ಎರಡು" ಎಂದು ಶುರು ಮಾಡಿದೆ. ಒಂದು ನಮಗೆಲ್ಲ ಗೊತ್ತಿರುವ ಮೂಗು. ಇನ್ನೊಂದು ಅದರ ಬುಡದಲ್ಲಿ, ಬಾಯಿಯ ಅಂಗುಳದ ಮೇಲೆ ಅಡಗಿ ಕುಳಿತ ಪುಟ್ಟ ಅಂಗ. ಅದು ಹೂವಿನ ವಾಸನೆಯನ್ನೋ ಸಾರಿನ ವಾಸನೆಯನ್ನೋ ಹಿಡಿಯುವುದಕ್ಕೆ ಇರುವುದಲ್ಲ. ಒಂದು ಪ್ರಾಣಿ ತನ್ನ ಜಾತಿಯ ಇನ್ನೊಂದಕ್ಕೆ ಮೈಯಿಂದ, ಉಚ್ಚೆಯಿಂದ ಕಳಿಸುವ ಸುದ್ದಿಯನ್ನು ಹಿಡಿಯುವುದಕ್ಕೆ ಇರುವುದು. ಆ ಸುದ್ದಿಗೆ ಫೆರೊಮೋನ್ ಎಂದು ಹೆಸರು. ಅದನ್ನು ಹಿಡಿಯುವ ಜೀನುಗಳು ಇಲಿಗೆ, ದನಕ್ಕೆ, ಮಡಗಾಸ್ಕರದ ಲೀಮರ್ ಎಂಬ ಕೋತಿಯಂಥ ಪ್ರಾಣಿಗಳಿಗೆ ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತವೆ. ಅಮೆರಿಕ ಖಂಡದ ಎಷ್ಟೋ ಕೋತಿಗಳಿಗೂ ಮಾಡುತ್ತವೆ. ಆದರೆ ನಮ್ಮ ಕಡೆಯ, ಎಂದರೆ ಏಷ್ಯಾ-ಆಫ್ರಿಕಾದ ಮಂಗಗಳಿಗೆ, ಚಿಂಪಾಂಜಿಯಂಥ ವಾನರಗಳಿಗೆ, ಮನುಷ್ಯರಿಗೆ ಅವು ಕೆಟ್ಟುಹೋಗಿವೆ. ನಮ್ಮೆಲ್ಲರ ಒಬ್ಬ ಹಳೆಯ ಅಜ್ಜಿಯ ಕಾಲದಲ್ಲಿ, ಎರಡು ಕೋಟಿ ವರ್ಷಕ್ಕೂ ಹಿಂದೆ, ಆ ಎರಡನೆಯ ಮೂಗು ಬಾಗಿಲು ಹಾಕಿಕೊಂಡಿತು. ಹೋದವು ಎಂದರೆ ಪೂರ್ತಿ ಹೋಗಲೂ ಇಲ್ಲ. ಅಕ್ಷರ ತಪ್ಪಿದ ಆ ಜೀನುಗಳು ನಮ್ಮ ಒಂದೊಂದು ಜೀವಕೋಶದಲ್ಲೂ ಇನ್ನೂ ಬಿದ್ದುಕೊಂಡಿವೆ.

ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ದೊಡವಾಡದ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿಗೆ ಬಂದುಹೋಗುವವಳು. ಕೇಳಿದ್ದನ್ನು ತಕ್ಷಣ ತನ್ನ ಮನೆಯ ದನಕರುಗಳ ಮೇಲೆ ಇಟ್ಟು ಪರೀಕ್ಷೆ ಮಾಡುವುದು ಅವಳ ಚಾಳಿ.

"ಮೇಡಂ, ಈ ಎರಡನೇ ಮೂಗು ಕೆಲಸ ಮಾಡೂದು ಕಣ್ಣಿಗೆ ಕಾಣ್ತೈತೇನ್ರಿ?"

"ಕಾಣ್ತದೆ. ಪ್ರಾಣಿ ಮೂಸಿ, ತಲೆ ಎತ್ತಿ, ಮೇಲಿನ ತುಟಿಯನ್ನು ಮಡಚಿ ಸ್ವಲ್ಪ ಹೊತ್ತು ಹಾಗೇ ನಿಲ್ತದೆ. ಆವಾಗ ಆ ಸುದ್ದಿ ಒಳಗಿನ ಅಂಗಕ್ಕೆ ಹೋಗ್ತದೆ."

"ಹಂಗಾದ್ರ ನಾ ನೋಡೇನ್ರಿ!" ಎಂದು ಅವಳು ಹೆಚ್ಚುಕಡಿಮೆ ಕೂಗಿದಳು. "ದೊಡವಾಡದಾಗ ಒಬ್ಬ ಆಯಿ ಅದಾರ್ರಿ. ಕೋಣ ಸಾಕ್ಯಾರ. ಎಮ್ಮಿ ಬೆದಿಗೆ ಬಂದ್ರ ನಮ್ಮಪ್ಪ ಅಲ್ಲಿಗೇ ಹೊಡಕೊಂಡು ಹೋಗ್ತಾನ. ಆ ಕೋಣ ಮೂಸಿ ಹಿಂಗ ನಗ್ತೈತ್ರಿ." ಮೂಗು ಮೇಲೆತ್ತಿ, ತುಟಿ ಮಡಚಿ ತೋರಿಸಿಯೇ ಬಿಟ್ಟಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ನನ್ನ ಕೈಯಲ್ಲಿದ್ದ ಚಾಕ್‌ಪೀಸು ಅಲ್ಲೇ ನಿಂತಿತು. ಆ ಆಯಿ ನನ್ನ ಅವ್ವ.

"ಹೌದಾ? ಒಳ್ಳೆಯ ಉದಾಹರಣೆ" ಎಂದೆ. ಬೋರ್ಡಿನ ಕಡೆ ತಿರುಗಿ ಮೂಗಿನ ಭಾಗಗಳ ಹೆಸರು ಬರೆಯತೊಡಗಿದೆ. ನಲವತ್ತೆರಡು ವರ್ಷದ, ಕನ್ನಡಕದ, ಪಿಎಚ್.ಡಿ. ಮಾಡಿದ ಹೆಂಗಸು ನಾನು. ಬೆನ್ನು ಮಾತ್ರ ಹನ್ನೆರಡು ವರ್ಷದ ಹುಡುಗಿಯ ಹಾಗೆ ಬಿಸಿಯಾಗಿತ್ತು.

ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಅಪ್ಪ ಹಾವು ಕಚ್ಚಿ ತೀರಿಕೊಂಡಾಗ ನನಗೆ ಆರು ವರ್ಷ. ಮನೆಯಲ್ಲಿ ಎರಡು ಎಮ್ಮೆ, ಒಂದು ಕೋಣ, ಅವ್ವ, ನಾನು. ಆ ಕೋಣ ಅಜ್ಜನ ಕಾಲದಿಂದ ನಡೆದುಬಂದ ತಳಿಯದು. ಸುತ್ತಲಿನ ಐದಾರು ಹಳ್ಳಿಯವರು ಎಮ್ಮೆ ಬೆದೆಗೆ ಬಂದಾಗ ನಮ್ಮ ಹಿತ್ತಲಿಗೇ ಹೊಡೆದುಕೊಂಡು ಬರುತ್ತಿದ್ದರು. ಊರಿನ ಹಿರಿಯರು ಅವ್ವನಿಗೆ ಬುದ್ಧಿ ಹೇಳಿದರು: ಹೆಂಗಸಾದವಳು ಕೋಣ ಹಿಡಿದು ನಿಲ್ಲುವ ಕೆಲಸ ಮಾಡಬಾರದು, ಮಾರಿಬಿಡು ಎಂದು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳಂತೆ: "ಎಮ್ಮಿ ಇರೂ ತನಕ ಕೋಣ ಬೇಕಲ್ರಿ? ಹಗ್ಗ ಹಿಡಿದ ಕೈ ಗಂಡಂದೋ ಹೆಣ್ಣಿಂದೋ ಅಂತ ಅದಕ್ಕೇನ ಗೊತ್ತಾಗತೈತಿ?" ಹಿರಿಯರು ಗೊಣಗುತ್ತ ಹೋದರು. ಮುಂದಿನ ವಾರ ಅವರಲ್ಲೇ ಒಬ್ಬರು ಎಮ್ಮೆ ಹೊಡೆದುಕೊಂಡು ಬಂದರು.

ಅವ್ವ ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಿದ್ದಳು. ಕೋಣ ಮೂಸಿ ಮುಖ ತಿರುಗಿಸಿದರೆ, "ಇವತ್ತ ಬ್ಯಾಡ್ರಿ, ಎಮ್ಮಿಗೆ ಸುಮ್ಮನ ತ್ರಾಸ. ನಾಳೆ ಮುಂಜಾನಿ ಬರ್ರಿ" ಎಂದು ವಾಪಸು ಕಳಿಸುತ್ತಿದ್ದಳು. ಮೂಸಿ, ತಲೆ ಎತ್ತಿ, ತುಟಿ ಮಡಚಿ ಬಹಳ ಹೊತ್ತು ನಿಂತರೆ ಮಾತ್ರ ಹಗ್ಗ ಸಡಿಲಿಸುತ್ತಿದ್ದಳು. ಅದನ್ನು ನಮ್ಮ ಊರಿನಲ್ಲಿ ಕೋಣ ನಗುವುದು ಎನ್ನುತ್ತಿದ್ದರು. ನಾನು ಸಣ್ಣವಳಿದ್ದಾಗ ಕಟ್ಟೆಯ ಮೇಲೆ ನಿಂತು ಅದರ ಜೊತೆಗೇ ನಗುತ್ತಿದ್ದೆ. ಎಮ್ಮೆಯವರು ನನ್ನನ್ನು ನೋಡಿ ನಗುತ್ತಿದ್ದರು. ಅದು ಬಹಳ ಸುಖದ ಕಾಲ.

ಸಾಲಿಯಲ್ಲಿ ಅದು ಮುಗಿಯಿತು. ಏಳನೆಯ ಇಯತ್ತೆಯಲ್ಲಿ ಯಾರೋ ನನ್ನನ್ನು "ಕೋಣದಾಕಿ ಮಗಳ" ಎಂದು ಕರೆದರು. ಅದೇ ಹೆಸರು ನಿಂತಿತು. ವಿಜ್ಞಾನದ ಮಾಸ್ತರರು ಸಂತಾನೋತ್ಪತ್ತಿಯ ಪಾಠ ಶುರು ಮಾಡಿದ ದಿನ ಹಿಂದಿನ ಬೆಂಚಿನಿಂದ ಕೋಣದ ದನಿ ಬಂತು. ಅವತ್ತು ಮನೆಗೆ ಬಂದು ನಾನು ಹಿತ್ತಲಿನ ಕಡೆ ಮುಖ ಹಾಕಲಿಲ್ಲ. ಅವ್ವ ಏನೂ ಕೇಳಲಿಲ್ಲ. ಅವತ್ತಿನಿಂದ ಬರುವವರಿಗೆ ಚಹಾ ಕೊಡುವ ಕೆಲಸವನ್ನೂ ನನಗೆ ಹೇಳಲಿಲ್ಲ. ಮುಂದೆ ನನ್ನ ಮದುವೆಯ ಮಾತುಕತೆಯಲ್ಲಿ ನಾನು "ನಮ್ಮವ್ವ ಹೈನುಗಾರಿಕಿ ಮಾಡ್ತಾಳ" ಎಂದಿದ್ದೆ. ಅದೇನೂ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಒಂದು ದಿನ ಪುಸ್ತಕದಲ್ಲಿ ತುಟಿ ಮಡಚಿ ನಿಂತ ಕುದುರೆಯ ಚಿತ್ರ ಬಂತು. ಕೆಳಗೆ ಒಂದು ಉದ್ದನೆಯ ಜರ್ಮನ್ ಹೆಸರು. ಓದಿದೆ. ಆ ಜೀನುಗಳ ಕಥೆಯನ್ನು ಓದಿದೆ, ಅವು ಲೀಮರಿನಲ್ಲಿ ಉಳಿದದ್ದು, ನಮ್ಮಲ್ಲಿ ಕೆಟ್ಟದ್ದು, ಎಲ್ಲವನ್ನೂ. ಇದು ನಮ್ಮ ಕೋಣ! ಆದರೆ ಪಕ್ಕದಲ್ಲಿ ಕುಳಿತ ಗೆಳತಿಗೂ ಹೇಳಲಿಲ್ಲ. ಆಮೇಲೆ ಪಿಎಚ್.ಡಿ.ಗೂ ಅದರ ಹತ್ತಿರದ ವಿಷಯವನ್ನೇ ಹಿಡಿದೆ. ಯಾಕೆ ಈ ವಿಷಯ ಎಂದು ಯಾರಾದರೂ ಕೇಳಿದರೆ ಬೇರೆ ಏನೋ ಹೇಳುತ್ತಿದ್ದೆ.

ಹಾಗಾಗಿ ಆ ಗುರುವಾರ ಬೆನ್ನು ಬಿಸಿಯಾಯಿತು. ಸಂಜೆ ಮನೆಗೆ ಹೋದ ಮೇಲೂ ಆರಲಿಲ್ಲ. ಆ ಹುಡುಗಿಯ ಮುಖದಲ್ಲಿ ನಾಚಿಕೆಯ ಗುರುತೂ ಇರಲಿಲ್ಲವಲ್ಲ ಎಂದು ಮತ್ತೆ ಮತ್ತೆ ಅನಿಸಿತು. ಅವಳಿಗೆ ಅದು ಬರೀ ಚೆಂದದ ಸಂಗತಿ. ನಾನೂ ಕಟ್ಟೆಯ ಮೇಲೆ ನಿಂತಾಗ ಹಾಗೇ ಇದ್ದೆ.

ಭಾನುವಾರ ದೊಡವಾಡದ ಬಸ್ಸು ಹತ್ತಿದೆ.

ಅವ್ವ ಹಿತ್ತಲಿನಲ್ಲಿ ಕೋಣಕ್ಕೆ ಮೈ ತಿಕ್ಕುತ್ತಿದ್ದಳು. ಈಗ ಅವಳಿಗೆ ಎಪ್ಪತ್ತರ ಹತ್ತಿರ. ಊರಿಗೆ ದನದ ಡಾಕ್ಟರು ಕೋಣವಿಲ್ಲದೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ತಂದು ಎಷ್ಟೋ ವರ್ಷವಾಯಿತು. ಹೆಚ್ಚಿನವರು ಅದಕ್ಕೇ ಹೋಗುತ್ತಾರೆ. ಇಂಜೆಕ್ಷನ್ನಿಗೆ ಗಬ್ಬ ನಿಲ್ಲದ ಎಮ್ಮೆಗಳು ಮಾತ್ರ ಇನ್ನೂ ನಮ್ಮ ಹಿತ್ತಲಿಗೆ ಬರುತ್ತವೆ. ಕೆಲವು ಸಲ ಡಾಕ್ಟರೇ ಕಳಿಸುತ್ತಾರೆ ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಾಳೆ.

ನಾನು ಕಟ್ಟೆಯ ಮೇಲೆ ಕುಳಿತು ತರಗತಿಯಲ್ಲಿ ಆದದ್ದನ್ನು ಹೇಳಿದೆ. ನಾನು ಸುಮ್ಮನಾದದ್ದನ್ನೂ ಹೇಳಿದೆ. ಅವಳು ಬೈಯಬಹುದು, ಇಲ್ಲವೇ ಸುಮ್ಮನೆ ಮುಖ ಸಣ್ಣದು ಮಾಡಿಕೊಳ್ಳಬಹುದು ಎಂದುಕೊಂಡಿದ್ದೆ. ಅವಳು ತಿಕ್ಕುವುದನ್ನು ನಿಲ್ಲಿಸಲೇ ಇಲ್ಲ.

"ಆ ಹುಡುಗಿ ಯಾರ ಮಗಳಬೇ? ಕಪ್ಪ ಎಮ್ಮಿ, ಹಣಿ ಮ್ಯಾಲೆ ಬಿಳೀ ಬಟ್ಟು, ಅವರ ಪೈಕೀನಾ?"

"ಯವ್ವಾ, ನಾ ಹೇಳೂದೇನು, ನೀ ಕೇಳೂದೇನು. ನಿನ್ನ ಹೆಸರ ಹೇಳಾಕ ನನಗ ನಾಚಿಕಿ ಆತು ಅಂತ ಹೇಳಾಕತ್ತೇನಿ."

"ಗೊತ್ತೈತಿ ಬಿಡು. ನೀ ಹಿತ್ತಲಕ್ಕ ಬರೂದು ಬಿಟ್ಟಾಗನ ಗೊತ್ತಾತು. ಬೆಳೆಯೂ ಕೂಸು ನಾಚ್ಕೋತೈತಿ, ಬೆಳದ ಮ್ಯಾಲೆ ತಿಳಕೋತೈತಿ. ನೀ ಒಂದೀಟ ತಡಾ ಮಾಡಿದಿ, ಅಷ್ಟ." ಕೋಣದ ಮೇಲೆ ಒಂದು ಕೊಡ ನೀರು ಸುರಿದು ನನ್ನ ಕಡೆ ತಿರುಗಿದಳು. "ಅದ ಇರ್ಲಿ. ಕೋಣದ ನಗು ಬಗ್ಗೆ ಕಾಲೇಜಿನಾಗ ಏನ ಕಲಸ್ತೀ ನೀ?"

ಇಷ್ಟು ವರ್ಷದಲ್ಲಿ ಅವ್ವ ಅದನ್ನು ಕೇಳಿದ್ದು ಅದೇ ಮೊದಲು. ನಾನು ಹೇಳಿದ್ದೂ ಅದೇ ಮೊದಲು. ನಾಲ್ಕನೆಯ ಇಯತ್ತೆ ಓದಿದವಳಿಗೆ ಜೀನು ಎಂದರೆ ಏನು ಎಂದು ಹೇಗೆ ಹೇಳುವುದು ಎಂದು ತಡವರಿಸಿದೆ. ಅವಳೇ ದಾರಿ ಮಾಡಿದಳು: "ತಳಿ ಅಂತೀವಲ್ಲ, ಅದರಾಗ ಇರೂದಾ?" ಹೌದು ಎಂದೆ. ತಾಯಿಯಿಂದ ಮಗುವಿಗೆ ದಾಟುವಾಗ ಒಂದೊಂದು ಸಲ ಅದರಲ್ಲೊಂದು ಅಕ್ಷರ ತಪ್ಪಾಗುತ್ತದೆ, ಆ ಕೆಲಸ ಬೇಕೇ ಬೇಕು ಎನ್ನುವ ಪ್ರಾಣಿಯಲ್ಲಿ ತಪ್ಪು ಉಳಿಯುವುದಿಲ್ಲ, ಬೇಡವಾದ ಪ್ರಾಣಿಯಲ್ಲಿ ಉಳಿದುಬಿಡುತ್ತದೆ ಎಂದೆ. ಆಮೇಲೆ ಎರಡನೆಯ ಮೂಗಿನ ವಿಷಯ ಹೇಳಿದೆ, ಅದು ಮಂಗಗಳಿಗೂ ನಮಗೂ ಕೆಟ್ಟುಹೋದದ್ದನ್ನೂ ಹೇಳಿದೆ. ಬಾಯಿಯಿಂದ ಅದಕ್ಕೆ ದಾರಿಯಿದೆ, ತುಟಿ ಮಡಚಿದಾಗ ಸುದ್ದಿ ಆ ದಾರಿಯಲ್ಲಿ ಮೇಲೆ ಹೋಗುತ್ತದೆ ಎಂದೆ.

"ಹಂಗಾರ ಆ ತೂತು ಅದಕ್ಕಾ!" ಎಂದಳು ಅವ್ವ.

"ಯಾ ತೂತು?"

"ಮ್ಯಾಲಿನ ವಸಡಿನ ಹಿಂದ ಎರಡ ಸಣ್ಣ ತೂತು ಇರ್ತಾವಲ್ಲ. ಗೊಟ್ಟದಾಗ ಔಷಧ ಕುಡಸೂವಾಗ ಕೈಗೆ ಹತ್ತತಾವು. ಯಾಕ ಅದಾವು ಅಂತ ನನಗ ಮದಿವ್ಯಾಗಿ ಬಂದಾಗಿಂದ ಗೊತ್ತಿಲ್ಲ. ನಿಮ್ಮಜ್ಜನೂ ಹೇಳ್ಲಿಲ್ಲ."

ಬಿದಿರಿನ ಗೊಟ್ಟದಲ್ಲಿ ದನಕ್ಕೆ ಔಷಧ ಕುಡಿಸುವುದನ್ನು ನಾನೂ ನೂರು ಸಲ ನೋಡಿದ್ದೆ. ಆದರೆ ಕೈ ಹಾಕಿರಲಿಲ್ಲ. ಅವ್ವ ಕೋಣದ ಮೂಗುದಾರ ಹಿಡಿದು, ತುಟಿ ಸರಿಸಿ, "ಬಾ, ಬೆರಳ ಇಡು" ಎಂದಳು. ಮೇಲಿನ ಮುಂದಿನ ಹಲ್ಲು ದನಕ್ಕೆ ಇರುವುದಿಲ್ಲ. ಅಲ್ಲಿ ಗಟ್ಟಿ ಮೆತ್ತೆಯಂಥ ವಸಡು. ಅದರ ಹಿಂದೆ, ಸಣ್ಣ ಗಂಟಿನ ಎರಡೂ ಬದಿಗೆ, ಅಕ್ಕಿಕಾಳಿನಷ್ಟು ಸೀಳು. ನನ್ನ ಬೆರಳಿಗೆ ಹತ್ತಿತು. ಜೀವಮಾನದ ಅರ್ಧ ನಾನು ಅದರ ಚಿತ್ರ ಬರೆದಿದ್ದೆ. ಮುಟ್ಟಿದ್ದು ಅವತ್ತೇ. ಕೋಣ ಬಿಸಿ ಉಸಿರು ಬಿಟ್ಟು ನನ್ನ ಮೊಣಕೈವರೆಗೆ ಜೊಲ್ಲು ಸುರಿಸಿತು. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ಗೊತ್ತಾಗಲಿಲ್ಲ. ಅವ್ವ ಮಾತ್ರ, "ಕೈ ತೊಳಕೋ, ಚಹಾ ಮಾಡ್ತೇನಿ" ಎಂದಳು.

ಸೋಮವಾರ ತರಗತಿಗೆ ಹೋಗಿ ಹಾಜರಿ ತೆಗೆದುಕೊಳ್ಳುವ ಮೊದಲೇ ಹೇಳಿದೆ. "ದೊಡವಾಡದ ಆ ಆಯಿ ನಮ್ಮವ್ವ. ಆ ಕೋಣ ನಮ್ಮ ಮನೆಯದು." ಎಲ್ಲರೂ ಮುಂದಿನ ಬೆಂಚಿನ ಕಡೆ ತಿರುಗಿದರು. ಆಮೇಲೆ ಆ ಹುಡುಗಿ ಕೇಳಿದಳು: "ಅಂದ್ರ ಮೇಡಂ, ನಾವು ನೋಡಾಕ ಹೋಗಬಹುದಲ್ರಿ?"

ಪ್ರಾಚಾರ್ಯರ ಅನುಮತಿ ಬೇಕಾಗಿತ್ತು. ಅವರು ಗಣಿತದವರು, ನಿಯಮದವರು, ಇಸ್ತ್ರಿ ಮಾಡಿದ ಪ್ಯಾಂಟಿಗೆ ಧೂಳು ಬಿದ್ದರೆ ಸಹಿಸದವರು.

"ಪ್ರವಾಸ ಅಂದ್ರ ಮಂದಿ ವಸ್ತುಸಂಗ್ರಹಾಲಯಕ್ಕ ಹೋಗ್ತಾರ ಮೇಡಂ. ನೀವು ಕೋಣಾ ನೋಡಾಕ ಹೊಂಟೀರಿ. ವರದಿಯೊಳಗ ಏನಂತ ಬರೀಲಿ ನಾ?"

"ಸಸ್ತನಿಗಳಲ್ಲಿ ಫೆರೊಮೋನ್ ಗ್ರಹಣದ ಕ್ಷೇತ್ರ ಅಧ್ಯಯನ ಅಂತ ಬರೀರಿ ಸರ್."

ಅವರಿಗೆ ಆ ಸಾಲು ಬಹಳ ಹಿಡಿಸಿತು. ಎರಡು ಸಲ ಹೇಳಿಕೊಂಡರು. "ಹಂಗಾದ್ರ ನಾನೂ ಬರ್ತೇನಿ" ಎಂದರು.

ಅವ್ವ ಆ ದಿನಕ್ಕೆ ಇಳಕಲ್ ಸೀರೆ ಉಟ್ಟಿದ್ದಳು. ಹಿತ್ತಲು ಸಾರಿಸಿ, ಮಕ್ಕಳು ಕೂರಲು ಕಂಬಳಿ ಹಾಸಿದ್ದಳು. ಬೆದೆಗೆ ಬಂದ ಎಮ್ಮೆ ಬೇಕಲ್ಲ ಎಂದು ನಾನು ಚಿಂತೆ ಮಾಡುತ್ತಿದ್ದರೆ, ಅವಳು ಎರಡು ದಿನ ಮೊದಲೇ ಓಣಿಯ ಎಮ್ಮೆಗಳನ್ನೆಲ್ಲ ನೋಡಿಬಂದು ನೆರೆಮನೆಯ ಒಂದಕ್ಕೆ ಗುರುತು ಹಾಕಿದ್ದಳು. "ಬುಧವಾರ ಬೆದಿಗೆ ಬರತೈತಿ, ಆವಾಗ ಕರಕೊಂಡ ಬಾ" ಎಂದು ಫೋನು ಮಾಡಿದ್ದಳು. ಎಮ್ಮೆ ಬುಧವಾರವೇ ಬೆದೆಗೆ ಬಂತು.

ಮೂವತ್ತು ಮಕ್ಕಳು ಕಂಬಳಿಯ ಮೇಲೆ ಕುಳಿತರು. ಅವ್ವ ಹಗ್ಗ ಹಿಡಿದು ನಿಂತಳು. ನಾನು ಪರಿಚಯ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರು ಮಾಡಿದಳು.

"ನೋಡ್ರಿ ಮಕ್ಕಳ, ಮಂದಿ ಇದಕ್ಕ ನಗೂದು ಅಂತಾರ. ಇದು ನಗೂದಲ್ಲ. ಎಮ್ಮಿ ಏನ ಹೇಳಾಕತ್ತೈತಿ ಅಂತ ಕೇಳಾಕತ್ತೈತಿ. ಗಡಿಬಿಡಿ ಮಾಡಬಾರದು. ಕೇಳೂ ಮುಂದ ಸುಮ್ಮನ ಇರಬೇಕು. ನಿಮ್ಮ ಮೇಡಂ ಕಲಸೂ ಮುಂದ ಸುಮ್ಮನ ಇರ್ತೀರಲ್ಲ, ಹಂಗ."

"ಇರೂದಿಲ್ರಿ ಆಯಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ನೆರೆಯವರು ಎಮ್ಮೆ ಹೊಡೆದುಕೊಂಡು ಬಂದರು. ಅದು ಹಿತ್ತಲ ನಡುವೆ ನಿಂತು, ಎಲ್ಲರ ಎದುರಿಗೆ, ಧಾರಾಳವಾಗಿ ಉಚ್ಚೆ ಹೊಯ್ಯಿತು. ಮುಂದೆ ಬಂದು ನಿಂತಿದ್ದ ಪ್ರಾಚಾರ್ಯರು ಹಿಂದೆ ಸರಿಯುವುದರೊಳಗೆ ಅವರ ಬೂಟಿಗೆ ಸಿಡಿಯಿತು. ಕೋಣ ಬಂತು. ಎಮ್ಮೆಯ ಕಡೆ ಹೋಗಬೇಕಾದದ್ದು ನೇರ ಪ್ರಾಚಾರ್ಯರ ಕಡೆ ನಡೆಯಿತು. ಅವರು ಗೋಡೆಗೆ ಬೆನ್ನು ಹಚ್ಚಿ ನಿಂತರು. ಕೋಣ ಬಾಗಿ ಬೂಟು ಮೂಸಿತು. ಆಮೇಲೆ ನಿಧಾನವಾಗಿ ತಲೆ ಎತ್ತಿ, ಕಣ್ಣು ಅರ್ಧ ಮುಚ್ಚಿ, ತುಟಿ ಮಡಚಿ, ವಸಡೆಲ್ಲ ತೋರಿಸಿ ಅವರ ಮುಖಕ್ಕೆ ಮುಖ ಕೊಟ್ಟು ನಿಂತಿತು. ಮೂವತ್ತು ಮೊಬೈಲು ಮೇಲೆದ್ದವು.

"ಇದು... ಇದು ನನಗ ನಗಾಕತ್ತೈತೇನ್ರಿ?" ಎಂದರು ಪ್ರಾಚಾರ್ಯರು, ತುಟಿ ಅಲ್ಲಾಡಿಸದೆ.

"ನಿಮಗಲ್ರಿ ಸಾಹೇಬ್ರ, ನಿಮ್ಮ ಬೂಟಿಗೆ" ಎಂದಳು ಅವ್ವ. "ಅಂಜಬ್ಯಾಡ್ರಿ, ಓದಿ ಮುಗಿದ ಕೂಡ್ಲೆ ಹೋಗತೈತಿ."

ಮೊದಲು ನಕ್ಕದ್ದು ಪ್ರಾಚಾರ್ಯರೇ. ಅವರು ಹಾಗೆ ನಗಬಲ್ಲರು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಕ್ಕರು. ಆಮೇಲೆ ಎಲ್ಲರೂ. ಗೋಡೆಯ ಮೇಲಿಂದ ಇಣುಕುತ್ತಿದ್ದ ಓಣಿಯ ಹೆಂಗಸರೂ. ಕೋಣ ಮಾತ್ರ ಗಂಭೀರವಾಗಿ ತನ್ನ ಓದು ಮುಗಿಸಿ ಎಮ್ಮೆಯ ಕಡೆ ತಿರುಗಿತು. ಅಲ್ಲಿಗೆ ಅವ್ವ ಪಾಠ ನಿಲ್ಲಿಸಿ, ಮಕ್ಕಳನ್ನು ಒಳಗೆ ಚಹಾಕ್ಕೆ ಅಟ್ಟಿದಳು.

ಆ ಹುಡುಗಿ ಚಹಾ ಬಿಟ್ಟು ಅವ್ವನ ಹಿಂದೆಯೇ ಇದ್ದಳು. ಎಷ್ಟು ಹೊತ್ತು ನಿಂತರೆ ಬೆದೆ ಸರಿಯಾಗಿದೆ ಎಂದರ್ಥ, ಕರು ಹಾಕಿದ ಎಮ್ಮೆಯ ಉಚ್ಚೆಗೆ ಏನು ಮಾಡುತ್ತದೆ, ನೆಗಡಿ ಬಂದಾಗ ನಗುತ್ತದೋ ಇಲ್ಲವೋ, ಒಂದೊಂದಾಗಿ ಕೇಳಿ ಬರೆದುಕೊಂಡಳು. ಅವ್ವ ನಡುವೆ ಒಂದು ಪ್ರಶ್ನೆಗೆ ತಡೆದು, "ಇದ ನನಗ ಗೊತ್ತಿಲ್ಲ ನೋಡು, ಇನ್ನ ಮ್ಯಾಲೆ ನೋಡ್ತೇನಿ" ಎಂದಳು.

ಆದರೆ ಅವ್ವನಿಗೆ ಸಮಾಧಾನವಾಗಿರಲಿಲ್ಲ. ನಾವು ಹೊರಡುವಾಗ ನನ್ನ ಕೈ ಹಿಡಿದು ನಿಲ್ಲಿಸಿದಳು. "ಮಂಗ್ಯಾಗ ಆ ಮೂಗು ಕೆಟ್ಟೈತಿ ಅಂದಿ. ನಮಗೂ ಕೆಟ್ಟೈತಿ ಅಂದಿ. ನಮ್ಮದು ಖರೆ ಇರಬಹುದು. ಮಂಗ್ಯಾಂದು ನೀ ನೋಡಿಯೇನ?"

ನೋಡಿರಲಿಲ್ಲ. ಓದಿದ್ದೆ.

"ಹಂಗಾರ ಗುಡ್ಡಕ್ಕ ಹೋಗೂಣು. ಅಲ್ಲಿ ಬೇಕಾದಷ್ಟು ಅದಾವು."

ಗುಡ್ಡ ಎಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಮಂಗಳವಾರ, ಶುಕ್ರವಾರ ಮಂದಿ ಹೆಚ್ಚು. ಅದಕ್ಕೇ ಒಂದು ಗುರುವಾರ ರಜೆ ಹಾಕಿ ಹೊರಟೆವು. ಅವ್ವ, ನಾನು, ಸುದ್ದಿ ಹತ್ತಿ ತಾನೂ ಬರುತ್ತೇನೆಂದು ಹಟ ಹಿಡಿದ ಆ ಹುಡುಗಿ. ಅವ್ವ ಮೊದಲು ದೇವಿಗೆ ಕೈ ಮುಗಿದು, ಹಣೆಗೆ ಅರಿಸಿನದ ಭಂಡಾರ ಹಚ್ಚಿಕೊಂಡು, ಆಮೇಲೆ ಮೆಟ್ಟಿಲ ಪಕ್ಕದ ನೆರಳಲ್ಲಿ ಕಾಲು ಚಾಚಿ ಕುಳಿತಳು. ಎಂಟು ಹತ್ತು ಮಂಗಗಳಿದ್ದವು. ಎರಡಕ್ಕೆ ತಲೆಯ ಮೇಲೆ ಭಂಡಾರ ಬಿದ್ದು ಹಳದಿಯಾಗಿತ್ತು.

ಎರಡು ತಾಸು ಅವಳು ಕದಲಲಿಲ್ಲ. ನಾನು ಎಷ್ಟೋ ಪ್ರಯೋಗಶಾಲೆ ನೋಡಿದ್ದೇನೆ, ಹಾಗೆ ನೋಡುವವರನ್ನು ಕಡಿಮೆ ನೋಡಿದ್ದೇನೆ. ನಡುವೆ ಒಂದು ಗಂಡು ಮಂಗ ಒಂದು ಹೆಣ್ಣಿನ ಹಿಂದೆ ಹೋಗಿ, ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿಯಿತು.

"ಮೂಸ್ತಲ್ಲಬೇ!" ಎಂದು ಅವ್ವ ನನ್ನ ತೊಡೆಗೆ ಬಡಿದಳು. "ಕೆಟ್ಟೈತಿ ಅಂದಿ, ಮೂಸ್ತಲ್ಲ?"

ನಾನು ಸಿಕ್ಕಿಬಿದ್ದೆ. "ಮೊದಲನೇ ಮೂಗು ಕೆಟ್ಟಿಲ್ಲ ಯವ್ವಾ. ಅದು ಇನ್ನೂ ಐತಿ. ವಾಸನೆ ಅದಕ್ಕೂ ಬರತೈತಿ. ಎರಡನೇದು ಅಷ್ಟ ಹೋಗಿದ್ದು."

"ಹಂಗ ಹೇಳು ಮತ್ತ. ಮಕ್ಕಳಿಗೂ ಹಂಗ ಹೇಳು. ಅರ್ಧಾ ಹೇಳಬ್ಯಾಡ." ಮತ್ತೆ ಮಂಗನನ್ನು ದಿಟ್ಟಿಸಿದಳು. "ಆದ್ರ ತುಟಿ ಮಡಚಲಿಲ್ಲ. ಅದು ಖರೆ."

ಆ ಹುಡುಗಿ ತನ್ನ ವಹಿಯಲ್ಲಿ ಬರೆದುಕೊಂಡಳು: ಮುಟ್ಟಿತು, ಮೂಸಿತು, ತುಟಿ ಮಡಚಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ಮೆಟ್ಟಿಲ ಬದಿಗೆ ಒಬ್ಬ ಹೆಂಗಸು ಬಾರಿಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಹಸಿರು, ಹಳದಿ, ಕೆಂಪು, ಎಲ್ಲ ಕಲೆತ ಬುಟ್ಟಿ. ಅವಳು ಗಿರಾಕಿಯ ಜೊತೆ ಮಾತಿಗೆ ಬಿದ್ದಾಗ ಒಂದು ಮರಿ ಹೊತ್ತ ತಾಯಿಮಂಗ ಹಿಂದಿನಿಂದ ಬಂತು. ಬುಟ್ಟಿಗೆ ಮೂಗು ಹಚ್ಚಲೇ ಇಲ್ಲ. ಒಂದು ಕ್ಷಣ ನೋಡಿತು, ಅಷ್ಟೇ. ಪಟಪಟನೆ ಕೆಂಪಾದವನ್ನೇ ಆರಿಸಿ ಎರಡು ಕೆನ್ನೆಯಲ್ಲೂ ತುಂಬಿಕೊಂಡು, ಕೋಲು ಬರುವುದರೊಳಗೆ ಗೋಡೆ ಹತ್ತಿತು. ಬಾರಿಹಣ್ಣಿನವಳು ಬೈದ ಬೈಗುಳ ಇಡೀ ಗುಡ್ಡಕ್ಕೆ ಕೇಳಿಸಿತು.

"ಕಣ್ಣ ನೋಡವಾ ಅದರದು!" ಎಂದು ಅವ್ವ ಚಪ್ಪಾಳೆ ತಟ್ಟಿದಳು. "ನಮ್ಮ ಕೋಣಕ್ಕ ಕೆಂಪೂ ಒಂದ, ಹಸರೂ ಒಂದ."

ನಾನು ಹೇಳಿದೆ. ನಮ್ಮ ಕಡೆಯ ಮಂಗಗಳಿಗೂ ಮನುಷ್ಯರಿಗೂ ಕೆಂಪು, ಹಸಿರು ಬೇರೆ ಮಾಡಿ ನೋಡುವ ಕಣ್ಣು ಬಂದದ್ದೂ, ಆ ಎರಡನೆಯ ಮೂಗು ಹೋದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಹೆಣ್ಣಿನ ಮುಖದ, ಮೈಯ ಬಣ್ಣ ನೋಡಿಯೇ ಸುದ್ದಿ ತಿಳಿಯುವಂತಾದಾಗ ಆ ಮೂಗು ಬೇಡವಾಯಿತು ಎಂದು ಕೆಲವರು ಹೇಳುತ್ತಾರೆ. ಅಷ್ಟು ಸರಳವಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಜಗಳ ಇನ್ನೂ ನಡೆದಿದೆ.

ಅವ್ವ ಆ ತಾಯಿಮಂಗನನ್ನೇ ನೋಡುತ್ತಿದ್ದಳು. ಗೋಡೆಯ ಮೇಲಿನ ತಾಯಿ ಹಣ್ಣು ಅಗಿಯುತ್ತ, ನಡುವೆ ನಡುವೆ ಮರಿಯ ನೆತ್ತಿಗೆ ಮೂಗು ಹಚ್ಚುತ್ತಿತ್ತು.

"ನೀ ಹುಟ್ಟಿದಾಗ ನಾನೂ ಹಂಗ ಮಾಡ್ತಿದ್ದೆ" ಎಂದಳು. "ನೆತ್ತಿ ಮೂಸೂದು, ಮತ್ತ ಮೂಸೂದು. ನಿಮ್ಮಪ್ಪ ನಗ್ತಿದ್ದ, ಕೂಸಿನ ತಲೀನ ತಿಂದುಬಿಡ್ತಿ ಏನ ಅಂತ. ಅದು ಯಾ ಮೂಗಿನಿಂದ ಮೂಸಿದ್ದಬೇ?"

"ಗೊತ್ತಿಲ್ಲ ಯವ್ವಾ. ಅದನ್ನ ಇನ್ನೂ ಹುಡಕಾಕತ್ತಾರ."

"ಹುಡಕ್ಲಿ, ಹುಡಕ್ಲಿ" ಎಂದಳು, ಯಾರಿಗೋ ಅಪ್ಪಣೆ ಕೊಡುವವಳ ಹಾಗೆ. ಆಮೇಲೆ ಬಾರಿಹಣ್ಣಿನವಳ ಹತ್ತಿರ ಹೋಗಿ, ಮಂಗ ಬಿಟ್ಟುಹೋದ ಹಸಿರು ಕಾಯಿಗಳನ್ನು ಉಪ್ಪು ಹಚ್ಚಿ ತಿನ್ನಲು ಒಂದು ಸೇರು ಕೊಂಡಳು.

ಆ ಹುಡುಗಿ ಈಗ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. ರಜೆಗೆ ಬಂದಾಗ ನನ್ನ ಮನೆಗಿಂತ ಮೊದಲು ದೊಡವಾಡಕ್ಕೆ ಹೋಗುತ್ತಾಳೆ. ನೆಗಡಿ ಬಂದ ಕೋಣ ನಗುತ್ತದೋ ಇಲ್ಲವೋ ಎಂಬುದನ್ನು ಅವ್ವ ಎರಡು ಚಳಿಗಾಲ ನೋಡಿ ಅವಳಿಗೆ ಫೋನಿನಲ್ಲಿ ವರದಿ ಒಪ್ಪಿಸಿದ್ದಾಳೆ: ತುಟಿ ಮಡಚುತ್ತದೆ, ಆದರೆ ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ನಿಲ್ಲುತ್ತದೆ. ಇದಕ್ಕೆ ಕಾರಣ ಏನು ಎಂದು ಇಬ್ಬರೂ ಇನ್ನೂ ಚರ್ಚೆ ಮಾಡುತ್ತಿದ್ದಾರೆ. ನನ್ನನ್ನು ಕೇಳುವುದಿಲ್ಲ. ದೊಡವಾಡದ ಪ್ರವಾಸ ಪ್ರತಿ ವರ್ಷ ನಡೆಯುತ್ತದೆ. ಪ್ರಾಚಾರ್ಯರು ತಪ್ಪದೆ ಬರುತ್ತಾರೆ, ಚಪ್ಪಲಿ ಹಾಕಿಕೊಂಡು.

ಗುಡ್ಡದಿಂದ ಬಂದ ದಿನದ ಒಂದು ಮಾತು ಹೇಳುವುದಿದೆ. ಸವದತ್ತಿಯಿಂದ ವಾಪಸು ಬರುವಾಗ ಬಸ್ಸು ತುಂಬಿತ್ತು. ಕಂಡಕ್ಟರು ಹೆಂಗಸರ ಆಧಾರ್ ಕಾರ್ಡು ನೋಡುತ್ತ, ಟಿಕೀಟು ಹರಿಯುತ್ತ ಬಂದ. ಅವ್ವ ಕಾರ್ಡು ತೋರಿಸಿದಳು. ಅವನು ಫೋಟೋ ನೋಡಿ, ಅವಳ ಮುಖ ನೋಡಿ, ತಮಾಷೆಗೆ, "ಫೋಟೋದಾಗ ನೀವು ನಕ್ಕಿಲ್ಲ ನೋಡ್ರಿ ಅಮ್ಮಾ, ಈಗ ಭಾಳ ನಗಾಕತ್ತೀರಿ. ಗುಡ್ಡದಾಗ ಏನ ಸಿಕ್ತು?" ಎಂದ.

"ಏನ ಸಿಗಲಿಲ್ಲ ತಮ್ಮಾ, ಕಳದದ್ದು ಗೊತ್ತಾತು. ನಿನ್ನ ಎರಡ ಮೂಗಿನಾಗ ಒಂದು ಭಾಳ ಹಳೇ ಕಾಲದಾಗ ಕೆಟ್ಟೈತಿ, ಗೊತ್ತೈತೇನ?"

ಅವನು ಗಾಬರಿಯಾಗಿ ಮೂಗು ಮುಟ್ಟಿಕೊಂಡ. ಹಿಂದಿನ ಸೀಟಿನವರು ಬಾಗಿ ಏನು, ಏನು ಎಂದರು. ಅವ್ವ ಸೀಟಿನಲ್ಲಿ ಅರ್ಧ ತಿರುಗಿ ಕುಳಿತು, ಒಂದು ಕೈಯಿಂದ ಮುಂದಿನ ಕಂಬಿ ಹಿಡಿದುಕೊಂಡು, ಇಡೀ ಬಸ್ಸಿಗೆ ಕೇಳುವ ಹಾಗೆ ಮೊದಲಿನಿಂದ ಹೇಳತೊಡಗಿದಳು. ಅರ್ಧ ಹೇಳಲಿಲ್ಲ, ಪೂರ್ತಿ ಹೇಳಿದಳು. ನಾನು ಕಿಟಕಿಗೆ ಒರಗಿ, ವಿದ್ಯಾರ್ಥಿನಿಯ ಹಾಗೆ ಕೇಳುತ್ತ ಕುಳಿತೆ.